ಅಶೋಕನಿಗೆ ಹಾಲು ಬಿಟ್ಟ ಹಸು

"ಈ ಮನೇಲಿ ಡಿಗ್ರಿನಾ? ಆದಂಗೇ ಬಿಡು" ಎಂದವರು ನನ್ನ ದೊಡ್ಡಪ್ಪ ಓಬಯ್ಯ. ಹೀಗೆ ಹೆಸರು ಹಿಡಿದು ಹೇಳಲು ನನಗೇನೂ ಸಂಕೋಚವಿಲ್ಲ. ಹೇಳಿದಾಗ ಅವರಿಗೂ ಇರಲಿಲ್ಲ. ಹಟ್ಟಿಯ ಬೇವಿನ ಕಟ್ಟೆಯ ಮೇಲೆ ನೆರೆದವರೆಲ್ಲರ ಎದುರಿಗೆ, ತಕಲಿಯಲ್ಲಿ ಕುರಿಯುಣ್ಣೆ ನೂಲುತ್ತ, ನೂಲು ಕಡಿಯದ ಹಾಗೆ ಹೇಳಿದ ಮಾತದು. ನನ್ನ ಬುದ್ಧಿಯ ಮೇಲೆ ಅವರಿಗೆ ಭರವಸೆ ಇತ್ತು. ಹೆಣ್ಣುಮಗಳು ಓದಲಿ ಎಂಬ ಆಸೆಯೂ ಇತ್ತು. ಅನುಮಾನವೆಲ್ಲ ನಮ್ಮ ಮನೆಯ ಪ್ರಾಣಿಗಳ ಮೇಲೆ. "ಈ ಆಡು, ಈ ನಾಯಿ, ಆ ದೇವರ ಎತ್ತು. ಇವೆಲ್ಲ ಒಂದ್ ತೂಕ, ದೊರೆಸಾನಿ ಒಂದ್ ತೂಕ. ಇವು ಬಿಟ್ರೆ ತಾನೆ ನೀನು ಓದೋದು!" ಎಂದರು. ಕಟ್ಟೆಯ ಮೇಲಿದ್ದವರು ತಲೆಯಾಡಿಸಿದರು. ನಮ್ಮ ಮನೆಯ ಪ್ರಾಣಿಗಳನ್ನು ಬಲ್ಲವರು ಯಾರಾದರೂ ತಲೆಯಾಡಿಸಲೇಬೇಕು.

ದೊರೆಸಾನಿ ಎಂದರೆ ನಮ್ಮ ಹಸು. ಅವಳ ವಿಷಯಕ್ಕೆ ಸ್ವಲ್ಪ ತಡೆದು ಬರುತ್ತೇನೆ. ಅವಳನ್ನು ಕಾಯಿಸಿದರೆ ಏನಾಗುತ್ತದೆಂದು ಚೆನ್ನಾಗಿ ಗೊತ್ತಿದ್ದೂ ಈ ಧೈರ್ಯ ಮಾಡುತ್ತಿದ್ದೇನೆ. ಬರೆಯುವಾಗ ಅವಳು ಒದೆಯಲಾರಳು ಎಂಬುದೊಂದೇ ಸಮಾಧಾನ.

ಬಿ.ಜಿ. ಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಜಾಲಿಗಿಡಗಳ ನಡುವಿನ ಕಾಲುದಾರಿಯಲ್ಲಿ ಬೆವರು ಹರಿಯುವ ತನಕ ನಡೆದರೆ ನಮ್ಮ ಹಟ್ಟಿ ಸಿಗುತ್ತದೆ. ಒಂದಿಷ್ಟು ಕೆಂಪು ನೆಲ, ಮಳೆ ಬಂದರೆ ಶೇಂಗಾ, ಬಾವಿಯ ಮಗ್ಗುಲಿಗೆ ಒಂದು ತುಂಡು ಈರುಳ್ಳಿ. ನಮ್ಮ ಹಟ್ಟಿಯ ಒಂದು ವಿಶೇಷವನ್ನು ಇಲ್ಲೇ ಹೇಳಿಬಿಡಬೇಕು: ಅಲ್ಲಿ ಕೋಳಿ ಇಲ್ಲ. ಸಾಕುವಂತಿಲ್ಲ, ತಿನ್ನುವಂತಿಲ್ಲ, ಹಟ್ಟಿಯೊಳಗೆ ಬಿಟ್ಟುಕೊಳ್ಳುವಂತೆಯೂ ಇಲ್ಲ. ಹಿರಿಯರ ಕಟ್ಟಳೆ. ಯಾಕೆ ಎಂದು ಕೇಳಿದವರಿಗೆ ಒಬ್ಬೊಬ್ಬ ಹಿರಿಯರು ಒಂದೊಂದು ಕತೆ ಹೇಳುತ್ತಿದ್ದರು. ಎಲ್ಲ ಕತೆಗಳ ಕೊನೆಯಲ್ಲೂ ಕೋಳಿ ಹೊರಗೇ ಉಳಿಯುತ್ತಿತ್ತು. ಶಾಲೆಯಲ್ಲಿ ಒಮ್ಮೆ ಮೇಷ್ಟ್ರು, "ಬೆಳಗಾಯ್ತು ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ?" ಎಂದು ಕೇಳಿದರು. ಊರೊಳಗಿನ ಮಕ್ಕಳೆಲ್ಲ ಒಕ್ಕೊರಲಿಂದ "ಕೋಳಿ ಕೂಗಿದಾಗ ಸಾ" ಎಂದರು. ನಾನೊಬ್ಬಳು ಎದ್ದು ನಿಂತು, "ಅವ್ವ ಬೈದಾಗ ಸಾ" ಎಂದೆ. ಮೇಷ್ಟ್ರು ನಕ್ಕರು. ನಾನು ಸತ್ಯವನ್ನೇ ಹೇಳಿದ್ದೆ.

ಕೋಳಿ ಇಲ್ಲದ ಕೊರತೆಯನ್ನು ಉಳಿದ ಪ್ರಾಣಿಗಳು ತುಂಬಿಕೊಟ್ಟಿದ್ದವು. ಕರಿಯ ಎಂಬ ನಾಯಿಯನ್ನು ಅಪ್ಪ ಕುರಿ ಕಾಯಲೆಂದು ತಂದಿದ್ದರು. ಮೊದಲ ವಾರವೇ ಟಗರೊಂದು ಗುದ್ದಿದ ಮೇಲೆ ಕರಿಯ ಕುರಿಗಳ ನಡುವೆ ಮಲಗಲು ಕಲಿತ. ಅಂದಿನಿಂದ ಕುರಿಗಳೇ ಅವನನ್ನು ಕಾಯುತ್ತಿದ್ದವು. ಬೇಸಿಗೆಗೆ ಮುಂಚೆ ಅಪ್ಪ ಕುರಿ ಹೊಡೆದುಕೊಂಡು ಗದ್ದೆಸೀಮೆಯ ಕಡೆ ಹೋದರೆ ಮಳೆ ಬೀಳುವ ಹೊತ್ತಿಗೇ ವಾಪಸ್ಸು. ಕರಿಯ ಮಾತ್ರ ಅಪ್ಪನನ್ನು ರಸ್ತೆಯ ತನಕ ಕಳಿಸಿ ಮನೆಗೆ ಬಂದುಬಿಡುತ್ತಿದ್ದ.

ಆಡಿನ ವಿಚಾರ ಇನ್ನೂ ಬೇರೆ. ನಾನು ಕಾಲೇಜು ಸೇರಿದ ವರ್ಷ ಅವ್ವ ಕೊಡಿಸಿದ ಹಸಿರು ದಾವಣಿಯನ್ನು ಒಗೆದು ಬೇಲಿಯ ಮೇಲೆ ಹರವಿದ್ದೆ. ಸುತ್ತಮುತ್ತ ಒಣಗಿದ ಕಡ್ಡಿಯ ಹೊರತು ಬೇರೇನೂ ಇಲ್ಲದ ಆ ದಿನಗಳಲ್ಲಿ ಆಡಿಗೆ ಆ ಹಸಿರು ಏನೆಂದು ಕಂಡಿತೋ, ಸೆರಗಿನ ಅಂಚನ್ನು ಉದ್ದಕ್ಕೂ ಮೇಯ್ದುಬಿಟ್ಟಿತ್ತು. ಅವ್ವ ಹಣೆ ಚಚ್ಚಿಕೊಂಡಳು. ದೊಡ್ಡಪ್ಪ ಅಂಚನ್ನು ಹಿಡಿದು ನೋಡಿ, "ಚಂದಾಗೈತೆ ಬಿಡು, ಕುಚ್ಚು ಕಟ್ಟಿದಂಗೈತೆ" ಎಂದರು. ಆ ದಾವಣಿ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಕೊಟ್ಟಿಗೆ ಕೆಲಸಕ್ಕೆ ಉಳಿಯಿತು. ಈ ದಾವಣಿಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ದೇವರ ಎತ್ತಿನ ಕತೆ ಹೇಳಿದರೆ ಹೊರಗಿನವರು ನಂಬುವುದಿಲ್ಲ. ನಮ್ಮಲ್ಲಿ ಹೋರಿಗರುವನ್ನು ದೇವರಿಗೆ ಬಿಡುವ ಪದ್ಧತಿ ಇದೆ. ಹಾಗೆ ಬಿಟ್ಟ ಎತ್ತಿಗೆ ನೊಗವಿಲ್ಲ, ಗಾಡಿಯಿಲ್ಲ, ಬೈಗುಳವಿಲ್ಲ. ಯಾರೂ ಅದಕ್ಕೆ ಕೋಲು ಎತ್ತುವಂತಿಲ್ಲ. ಅಂಥದ್ದೊಂದು ಎತ್ತು ಮಂದೆ ತಪ್ಪಿಸಿಕೊಂಡು ನಮ್ಮ ಈರುಳ್ಳಿ ಮಡಿಗೆ ನುಗ್ಗಿದಾಗ ಅವ್ವ ಸೆರಗು ಹೊದ್ದು, ಎರಡೂ ಕೈ ಮುಗಿದು, "ಸ್ವಾಮೀ, ಆ ಕಡೆ ಸಾಲು ಬೇಕಾದ್ರೆ ತಿನ್ನಪ್ಪಾ, ಈ ಸಾಲು ಒಂದು ಬಿಟ್ಟುಬಿಡು" ಎಂದು ಬೇಡುತ್ತಿದ್ದಳು. ಸ್ವಾಮಿ ಕಿವಿಯನ್ನೂ ಅಲ್ಲಾಡಿಸದೆ ಈ ಸಾಲನ್ನೇ ಮುಗಿಸುತ್ತಿದ್ದರು. ಅವ್ವನ ಮಾತು ಮೀರಿದರೂ ಏಟು ತಿನ್ನದೆ ಉಳಿದ ಜೀವ ನಮ್ಮ ಮನೆಯ ಸುತ್ತ ಅದೊಂದೇ. ಅಸಲಿಗೆ ಅದು ನಮ್ಮದೇ ಕರು. ದೊರೆಸಾನಿಯ ಮೊದಲ ಸೂಲಿನ ಮಗ.

ಅಂತೂ ದೊರೆಸಾನಿಯ ಬಳಿಗೆ ಬಂದೆವು.

ಅವಳ ತಾಯಿಯ ತಾಯಿ ಕಾವಲಿನ ತಳಿಯವಳಂತೆ. ವರವು ಕಾವಲಿನ ಬಯಲು ನೋಡಿದವರಿಗೆ ಗೊತ್ತು, ಅಲ್ಲಿ ಮೇಯುವ ಅಮೃತ್ ಮಹಲ್ ದನಗಳ ಠೀವಿಯೇ ಠೀವಿ. ಹಿಂದಕ್ಕೆ ಬಾಗಿ ಮತ್ತೆ ಮೇಲೆದ್ದ ಚೂಪಾದ ಕೊಂಬು, ಮನುಷ್ಯರನ್ನು ನೋಡಿದರೂ ನೋಡದ ಹಾಗಿರುವ ಕಣ್ಣು. ಹಿಂದಿನ ರಾಜರ ಕಾಲದಲ್ಲಿ ಈ ತಳಿಯ ಎತ್ತುಗಳು ದಂಡಿನ ಸಾಮಾನು ಎಳೆಯುತ್ತಿದ್ದವು ಎಂದು ಪುಸ್ತಕಗಳಲ್ಲಿದೆ. ಹಸುಗಳು ಏನು ಮಾಡುತ್ತಿದ್ದವು ಎಂದು ಬರೆದಿಲ್ಲ. ದೊರೆಸಾನಿಯನ್ನು ನೋಡಿದರೆ ಅವು ದಂಡಿನವರಿಗೆ ಹುಕುಂ ಕೊಡುತ್ತಿದ್ದವು ಎನಿಸುತ್ತದೆ. ಕೊಡುವ ಹಾಲು ಚೆಂಬಿನ ಕುತ್ತಿಗೆ ಮುಟ್ಟಿದರೆ ಹೆಚ್ಚು. ಆ ಹಾಲಿಗೆ ಪಡೆಯಬೇಕಾದ ಅಪ್ಪಣೆ ಮಾತ್ರ ಒಂದು ಸಂಸ್ಥಾನದಷ್ಟು.

ಅವಳಿಗೆ ನೆನಪಿನ ಶಕ್ತಿ ವಿಪರೀತ. ಹೊಟ್ಟೆ ಉಬ್ಬರಿಸಿದ್ದಾಗ ಅವ್ವ ಬಿದಿರಿನ ಗೊಟ್ಟ ಬಾಯಿಗಿಟ್ಟು ಕಹಿ ಔಷಧಿ ಕುಡಿಸಿದ್ದಳು. ಅಂದಿನಿಂದ ಅವ್ವ ಹತ್ತಿರ ಬಂದರೆ ಒದೆ. ಮೊದಲ ಕರುವನ್ನು ದೇವರ ಮಂದೆಗೆ ಹೊಡೆದುಕೊಂಡು ಹೋದವರು ದೊಡ್ಡಪ್ಪ. ಅಂದಿನಿಂದ ದೊಡ್ಡಪ್ಪ ಬಂದರೆ ಕೊಂಬು. ಅಪ್ಪ ವರ್ಷದ ಅರ್ಧ ಕುರಿಯ ಹಿಂದೆ. ಉಳಿದವಳು ನಾನು. ಏಳನೇ ಕ್ಲಾಸಿನ ಹುಡುಗಿ, ಅವಳಿಗೆ ಇನ್ನೂ ಯಾವ ಅನ್ಯಾಯವನ್ನೂ ಮಾಡದವಳು. ಚೆಂಬು ನನ್ನ ಕೈಗೆ ಬಂತು.

ಮೊದಲ ದಿನ ಚೆಂಬು ಹಿಡಿದು ಅವಳ ಮಗ್ಗುಲಲ್ಲಿ ಕೂತೆ. ಹೆದರಿಕೆಗೆ ಬಾಯಿಗೆ ಬಂದದ್ದನ್ನು ಒದರತೊಡಗಿದೆ. ಬಾಯಿಗೆ ಬಂದದ್ದು ಹದಿಮೂರರ ಮಗ್ಗಿ. ದೊರೆಸಾನಿ ಕಿವಿ ಇತ್ತ ತಿರುಗಿಸಿದಳು, ಒಂದು ನಿಟ್ಟುಸಿರು ಬಿಟ್ಟಳು, ಕೆಚ್ಚಲು ಸಡಿಲಿಸಿ ಹಾಲು ಬಿಟ್ಟಳು. ಮರುದಿನ ಸುಮ್ಮನೆ ಕೂತು ಹಿಂಡಿದರೆ ಒಂದು ಹನಿಯೂ ಇಲ್ಲ. ಮಗ್ಗಿ ಶುರುಮಾಡಿದೆ, ಹಾಲು ಬಂತು. ಅಲ್ಲಿಗೆ ನಮ್ಮಿಬ್ಬರ ಒಪ್ಪಂದವಾಯಿತು. ಮನೆಯಲ್ಲಿ ನನಗೆ ಕೂತು ಓದಲು ಬೇರೆ ಹೊತ್ತಿರಲಿಲ್ಲ, ಅವಳಿಗೆ ಹಾಲು ಬಿಡಲು ಬೇರೆ ದಾರಿಯಿರಲಿಲ್ಲ. ಮಗ್ಗಿ ಮುಗಿದು ಹೈಸ್ಕೂಲಿನ ವಿಜ್ಞಾನ ಬಂತು, ಪಿಯುಸಿ ಬಂತು, ಚಳ್ಳಕೆರೆಯ ಕಾಲೇಜಿನಲ್ಲಿ ಬಿ.ಎ. ಸೇರಿದ ಮೇಲೆ ಇತಿಹಾಸ, ಅರ್ಥಶಾಸ್ತ್ರ ಬಂದವು. ಅವಳಿಗೂ ಇಷ್ಟಾನಿಷ್ಟಗಳಿದ್ದವು. ಇತಿಹಾಸಕ್ಕೆ ಧಾರಾಳ. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮಕ್ಕೆ ಹಾಲೂ ಇಳಿಮುಖ. ಇಂಗ್ಲಿಷ್ ವ್ಯಾಕರಣ ಶುರುಮಾಡಿದರೆ ಚೆಂಬು ಕೊಟ್ಟಿಗೆಯ ಆಚೆ ಬಿದ್ದಿರುತ್ತಿತ್ತು. ಆ ವಿಷಯದಲ್ಲಿ ನನ್ನ ಸಂಪೂರ್ಣ ಸಹಾನುಭೂತಿ ಅವಳ ಕಡೆಗಿತ್ತು.

ಹೀಗೆ ಎರಡು ವರ್ಷ ಸರಾಗವಾಗಿ ಕಳೆಯಿತು. ಪರೀಕ್ಷೆಗಳು ಮಧ್ಯಾಹ್ನ ಇರುತ್ತಿದ್ದವು, ಹಾಲು ಹಿಂಡಿ ಬಸ್ಸು ಹಿಡಿಯುತ್ತಿದ್ದೆ. ಕೊನೆಯ ವರ್ಷ ಪರೀಕ್ಷೆಯನ್ನು ಬೆಳಗಿನ ಹೊತ್ತಿಗೆ ಹಾಕಿದರು. ನಮ್ಮ ಕಡೆಯ ಮೊದಲ ಬಸ್ಸು ಚಳ್ಳಕೆರೆ ಮುಟ್ಟುವಷ್ಟರಲ್ಲಿ ಅಲ್ಲಿ ಪ್ರಶ್ನೆಪತ್ರಿಕೆ ಹಂಚಿ ಮುಗಿದಿರುತ್ತದೆ. ಪರೀಕ್ಷೆ ಮುಗಿಯುವ ತನಕ ಚಳ್ಳಕೆರೆಯಲ್ಲೇ ಗೆಳತಿಯ ರೂಮಿನಲ್ಲಿ ಉಳಿಯದೆ ಗತಿಯಿಲ್ಲ. ಅದೇ ಹೊತ್ತಿಗೆ ದೊರೆಸಾನಿ ಈದಿದ್ದಳು. ಕರು ಬದುಕಲಿಲ್ಲ. ಕರುವಿದ್ದಿದ್ದರೆ ಅದು ಕುಡಿದುಕೊಳ್ಳುತ್ತಿತ್ತು. ಈಗ ಹಿಂಡದೆ ಬಿಟ್ಟರೆ ಕೆಚ್ಚಲು ಬಾವು ಬರುವುದು ಖಂಡಿತ. ಹಿಂದಿನ ವರ್ಷ ಪಕ್ಕದ ಮನೆಯ ಹಸುವಿಗೆ ಹಾಗೆ ಬಾವು ಬಂದು ಎರಡು ಮೊಲೆ ಸತ್ತುಹೋಗಿದ್ದವು, ಅದು ನರಳುವುದನ್ನು ನಾವೆಲ್ಲ ಕೇಳಿದ್ದೆವು.

"ನಾ ಹೇಳ್ಲಿಲ್ವಾ?" ಎಂದರು ದೊಡ್ಡಪ್ಪ. ಆದರೆ ಅವರ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. ಹೇಳಿದ್ದು ನಿಜವಾಗುತ್ತದಲ್ಲ ಎಂದು ಅವರಿಗೇ ಗಾಬರಿಯಾದಂತಿತ್ತು.

"ಈ ಸಲ ಬಿಡ್ತೀನಿ ದೊಡ್ಡಪ್ಪಾ. ಮುಂದಿನ ಸಲ ಕಟ್ಟಿದ್ರಾಯ್ತು" ಎಂದೆ.

ಒಲೆಯ ಮುಂದಿದ್ದ ಅವ್ವ ತಿರುಗಿಯೂ ನೋಡದೆ, "ಮುಂದಿನ ಸಲ ಅಂದೋರು ಈ ಹಟ್ಟೀಲಿ ಎಲ್ಲೆಲ್ಲಿ ಅವ್ರೆ, ನೋಡ್ಕೊಂಡು ಬಾ ಹೋಗು" ಎಂದಳು. ನೋಡಿಕೊಂಡು ಬರುವ ಅಗತ್ಯವಿರಲಿಲ್ಲ. ನನ್ನ ಜತೆ ಹೈಸ್ಕೂಲಿಗೆ ಬರುತ್ತಿದ್ದವರೆಲ್ಲ ಆಗ ಶೇಂಗಾ ಬಿಡಿಸುತ್ತಿದ್ದರು. ಈ ಸಲ ಕೈಬಿಟ್ಟರೆ ಮುಂದಿನ ಸಲ ಎಂಬುದು ಇಲ್ಲ ಎಂದು ನನಗೂ ಗೊತ್ತಿತ್ತು.

ಅಂದು ಸಂಜೆಯಿಂದಲೇ ಪ್ರಯೋಗಗಳು ಶುರುವಾದವು. ಅವ್ವ ನನ್ನ ದಾವಣಿ ಹೊದ್ದು ಹೋದಳು. ದೊರೆಸಾನಿ ಮೂಸಿ ನೋಡಿ, ಹಸಿರಿನ ಒಳಗೆ ಗೊಟ್ಟದ ವಾಸನೆ ಹಿಡಿದು ಒದ್ದಳು. ಆಮೇಲೆ ದೊಡ್ಡಪ್ಪ ಸ್ವಲ್ಪ ಹೊತ್ತು ಮೀಸೆ ಎಳೆದುಕೊಳ್ಳುತ್ತ ನಿಂತಿದ್ದು, "ಕೊಡಿಲ್ಲಿ" ಎಂದು ಆ ದಾವಣಿಯನ್ನು ಇಸಿದುಕೊಂಡರು. ತಲೆಯ ಮೇಲೆ ಹೊದ್ದು, ಆಡು ತಿಂದ ಅಂಚು ಮೀಸೆಯ ಮೇಲೆ ಇಳಿಬಿದ್ದಿರಲು, ಕೊಟ್ಟಿಗೆಗೆ ನಡೆದರು. ಅವ್ವ ಬಾವನವರ ಮುಂದೆ ನಗಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ನಗ್ರವ್ವಾ, ನಗ್ರಿ" ಎಂದರು ದೊಡ್ಡಪ್ಪ ಒಳಗಿನಿಂದ. "ನನ್ನ ಮದುವೇಲೂ ಇಷ್ಟು ಸಿಂಗಾರ ಆಗಿರ್ಲಿಲ್ಲ."

ದೊರೆಸಾನಿ ಮೂಸಿದಳು. ಅನುಮಾನದಿಂದಲೇ ಕೊಂಬು ತಗ್ಗಿಸಿ ನಿಂತಳು. ಹಾಲು ಮಾತ್ರ ಇಲ್ಲ. ದೊಡ್ಡಪ್ಪ ಪುಸಲಾಯಿಸಿದರು. ಕನ್ನಡ ಸಾಲದೆ ತೆಲುಗಿಗೆ ಹೋಗಿ, "ರಾ ತಲ್ಲಿ, ನಾ ಬಂಗಾರು" ಎಂದರು. ಪರಶುರಾಂಪುರದ ಸಂತೆಯಲ್ಲಿ ಟಗರು ಹೋದ ರೇಟು ಹೇಳಿ ನೋಡಿದರು. ದೊರೆಸಾನಿ ಸಂತೆಯ ಸುದ್ದಿಗೆಲ್ಲ ಹಾಲು ಬಿಡುವವಳಲ್ಲ. ಆಕೆ ವಿದ್ಯಾವಂತೆ.

ದೊಡ್ಡಪ್ಪ ಹೊರಗೆ ಬಂದು ದಾವಣಿ ತೆಗೆದು ಹೆಗಲಿಗೆ ಹಾಕಿಕೊಂಡು, ಕಟ್ಟೆಯ ಮೇಲೆ ಕೂತರು. ತಕಲಿ ಕೈಗೆತ್ತಿಕೊಂಡರು. "ಹೇಳ್ಕೊಡೇ" ಎಂದರು.

"ಏನು?"

"ಅದಕ್ಕೇನು ಹೇಳ್ತಿದ್ಯೋ ಅದೇ."

ಶಾಲೆಯ ಬಾಗಿಲನ್ನು ಹೊರಗಿನಿಂದಷ್ಟೇ ನೋಡಿದ್ದ ದೊಡ್ಡಪ್ಪನಿಗೆ ನಾನು ಬಿ.ಎ. ಕೊನೆಯ ವರ್ಷದ ಇತಿಹಾಸ ಹೇಳಿಕೊಡಲು ಕೂತೆ. ಪರೀಕ್ಷೆಗೆ ಉಳಿದದ್ದು ಕೆಲವೇ ದಿನ. ಓದುವುದನ್ನೆಲ್ಲ ಅವರಿಗೆ ಜೋರಾಗಿ ಹೇಳಿದೆ. ನೂಲು ಎಳೆಯುತ್ತ ಅವರು ಅದನ್ನು ತಿರುಗಿ ಹೇಳುತ್ತಿದ್ದರು. ಗುಪ್ತರು ಅವರಿಗೆ ಹಿಡಿಸಲಿಲ್ಲ, "ಎಲ್ಲಾ ಹೆಸ್ರೂ ಒಂದೇ ತರ" ಎಂದರು. ಮೊಗಲರಲ್ಲಿ ಅಪ್ಪ ಮಕ್ಕಳ ಜಗಳ ಜಾಸ್ತಿ ಎಂದು ಬೇಸರಪಟ್ಟರು. ಅಶೋಕನ ಹತ್ತಿರ ಬಂದಾಗ ತಕಲಿ ನಿಂತಿತು.

"ಯಾರು, ನಮ್ಮ ಸಿದ್ದಾಪುರದ ಹತ್ರ ಬಂಡೆ ಮ್ಯಾಲೆ ಬರ್ಸ್ಯಾನಲ್ಲ, ಅವ್ನಾ?"

"ಅವನೇ."

"ಆ ಗುಡ್ಡದ ಮಗ್ಗುಲಾಗೆ ಕುರಿ ಬಿಟ್ಕೊಂಡು ಎಷ್ಟು ಮಧ್ಯಾಹ್ನ ಮಲಗೀನಿ ನಾನು! ಏನಂತ ಬರ್ಸ್ಯಾನೆ?"

ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ನಿಜ ಹೇಳಬೇಕು, ಸುಮಾರಾಗಿ ಇದೇ ಎಂದೆ. ದೊಡ್ಡಪ್ಪ ಇನ್ನೂ ಏನೋ ಇದೆಯೆಂದು ಕಾದರು. "ಇಷ್ಟೇನಾ? ಇದನ್ನ ನಮ್ಮವ್ವ ದಿನಾ ಬೈದು ಹೇಳ್ತಿದ್ಲು. ಇದಕ್ಕೆ ಅಷ್ಟು ದೂರದಿಂದ ಬಂದು ಬಂಡೆ ಕೆತ್ತಿಸ್ಬೇಕಿತ್ತಾ?"

ಆ ಪ್ರಶ್ನೆಯ ಬಗ್ಗೆ ನಾನು ಆಮೇಲೂ ಯೋಚಿಸಿದ್ದೇನೆ. ಸಾವಿರಾರು ಜನರನ್ನು ಕೊಂದು, ಆಮೇಲೆ ನೊಂದು, ಅಷ್ಟು ದೊಡ್ಡ ದೊರೆ ಕಂಡುಕೊಂಡದ್ದು ಹಟ್ಟಿಯ ಒಬ್ಬ ಮುದುಕಿಗೆ ಮೊದಲೇ ಗೊತ್ತಿತ್ತು. ಆದರೂ ಬರೆಸಿದ್ದು ಒಳ್ಳೆಯದೇ ಆಯಿತು. ಅಜ್ಜಿಯ ಮಾತು ಅಜ್ಜಿಯ ಜತೆಗೆ ಹೋಯಿತು, ಬಂಡೆ ಇನ್ನೂ ಇದೆ. ಅಕ್ಷರಕ್ಕೆ ಇಷ್ಟು ಬಲವಿದೆ ಎಂದು ನನಗೆ ಯಾವ ಅಧ್ಯಾಪಕರೂ ಹೇಳಿಕೊಟ್ಟಿರಲಿಲ್ಲ. ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಹುಡುಕುವಾಗ ಹೊಳೆಯಿತು.

ಅಶೋಕನೇ ಸಾಕೆಂದು ತೀರ್ಮಾನವಾಯಿತು. ಹೊರಡುವ ಮುಂಚಿನ ದಿನ ದೊಡ್ಡಪ್ಪ ಒಬ್ಬರೇ ಹೋಗಿ ಪರೀಕ್ಷೆ ಕೊಟ್ಟರು. ದಾವಣಿ ಹೊದ್ದು, ಕಲ್ಲಿನಂಥ ಗಂಟಲಿನಲ್ಲಿ, "ಅಶೋಕನು ಮೌರ್ಯ ವಂಶದ ದೊರೆ" ಎಂದು ಶುರುಮಾಡಿದರು. ದೊರೆಸಾನಿ ತಿರುಗಿ ನೋಡಿದಳು. ಪಾಠ ಸರಿ, ಮೇಷ್ಟ್ರು ಬೇರೆ ಎಂಬಂತೆ. ನಾಲ್ಕು ಹನಿ ಬಿಟ್ಟು ನಿಲ್ಲಿಸಿದಳು.

"ನಾಲ್ಕು ಹನಿ ಬಂತಲ್ಲ, ಸಾಕು. ನೀ ಹೋಗು" ಎಂದರು ದೊಡ್ಡಪ್ಪ. ಬಸ್ಸು ಹತ್ತಿದ ಮೇಲೂ ನನ್ನ ಕಣ್ಣ ಮುಂದೆ ಇದ್ದದ್ದು ಆ ನಾಲ್ಕು ಹನಿ.

ಗೆಳತಿಯ ರೂಮಿನ ಹಿಂದೆ ಎಣ್ಣೆ ಮಿಲ್ಲು. ಬೆಳಗೆದ್ದರೆ ಶೇಂಗಾ ಹಿಂಡಿಯ ಘಮ. ದೊರೆಸಾನಿಯ ಮೇವಿನ ವಾಸನೆಯೇ ಕಿಟಕಿಯಿಂದ ಬರುತ್ತಿದ್ದರೆ ಪುಸ್ತಕದಲ್ಲಿ ಮನಸ್ಸಿಡುವುದು ಹೇಗೆ? ಮೊದಲ ಪತ್ರಿಕೆ ಬರೆದದ್ದು ಕೈ, ತಲೆ ಕೊಟ್ಟಿಗೆಯಲ್ಲಿತ್ತು. ಕೆಚ್ಚಲು ಕಲ್ಲಾಗಿರಬಹುದು, ಅವಳು ನಿಂತಲ್ಲೇ ನರಳುತ್ತಿರಬಹುದು. ನಾನಿಲ್ಲಿ ಸೀಮಾಂತ ತುಷ್ಟಿಗುಣ ಬರೆಯುತ್ತಿದ್ದೇನೆ. ಸಂಜೆ ಚೀಲ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಊರಿಗೆ ಹೋಗಿಬಿಡುವುದೆಂದೇ ಹೋದದ್ದು. ನಮ್ಮ ಕಡೆಯ ಬಸ್ಸಿನ ಕಂಡಕ್ಟರು ನನ್ನನ್ನು ನೋಡಿ ಫುಟ್‌ಬೋರ್ಡಿನಿಂದಲೇ ಕೂಗಿದರು.

"ಏನಮ್ಮಾ, ಓಬಯ್ಯನ ತಮ್ಮನ ಮಗಳಲ್ವಾ ನೀನು? ನಿಮ್ಮ ದೊಡ್ಡಪ್ಪ ಏನೋ ಹೇಳಿ ಕಳಿಸ್ಯಾರೆ. ನನಗಂತೂ ತಿಳೀಲಿಲ್ಲ, ನಿನಗೆ ತಿಳಿದ್ರೆ ನೋಡು."

"ಏನಂತೆ ಅಣ್ಣಾ?"

"ಅಶೋಕಂಗೆ ಹಾಲು ಬಿಡ್ತಂತೆ."

ಬಸ್ಸಿನೊಳಗಿದ್ದವರು ನನ್ನನ್ನೇ ನೋಡಿದರು. ನಾನು ಅಲ್ಲೇ ನಿಂತು ನಕ್ಕೆ, ನಗುತ್ತ ಕಣ್ಣೊರೆಸಿಕೊಂಡೆ. "ಹತ್ತೀಯೋ ಇಲ್ವೋ?" ಎಂದರು ಕಂಡಕ್ಟರು. "ಇಲ್ಲಣ್ಣಾ, ನನಗೆ ಪರೀಕ್ಷೆ ಐತೆ" ಎಂದು ಚೀಲ ಹೊತ್ತು ರೂಮಿಗೆ ವಾಪಸ್ಸಾದೆ. ಉಳಿದ ಪತ್ರಿಕೆಗಳನ್ನು ಕೈ, ತಲೆ ಎರಡೂ ಸೇರಿ ಬರೆದವು. ಆ ವರ್ಷದ ಇತಿಹಾಸದ ಪ್ರಶ್ನೆಪತ್ರಿಕೆಯಲ್ಲಿ ಅಶೋಕನ ಸುದ್ದಿಯೇ ಇರಲಿಲ್ಲ ಎಂಬುದನ್ನು ಮಾತ್ರ ನಾನು ದೊಡ್ಡಪ್ಪನಿಗೆ ಬಹಳ ದಿನ ಹೇಳಲಿಲ್ಲ.

ಊರಿಗೆ ಮರಳಿದಾಗ ಗೊತ್ತಾಯಿತು, ಹಟ್ಟಿಯಲ್ಲಿ ಎಲ್ಲರ ಬಾಯಲ್ಲೂ ಅಶೋಕ. ದೊಡ್ಡಪ್ಪ ದಾವಣಿ ಹೊದೆಯುವುದನ್ನು ನೋಡಲು ದಿನವೂ ಜನ ಸೇರುತ್ತಿದ್ದರಂತೆ. ನಗಲು ಬಂದವರು ಪಾಠ ಕೇಳಿಕೊಂಡು ಹೋಗುತ್ತಿದ್ದರು. ಪಾಠ ಮಾತ್ರ ನಾನು ಹೇಳಿಕೊಟ್ಟ ಹಾಗೆ ಉಳಿದಿರಲಿಲ್ಲ. ನೆನಪು ಕೈಕೊಟ್ಟ ಕಡೆ ದೊಡ್ಡಪ್ಪ ತಮಗೆ ತೋಚಿದ್ದನ್ನು ಸೇರಿಸಿದ್ದರು. ಅವರ ಪ್ರಕಾರ ಕಳಿಂಗ ಯುದ್ಧ ಮುಗಿದ ಮೇಲೆ ಅಶೋಕ ಕತ್ತಿಯನ್ನು ಬಾವಿಗೆಸೆದು, ನೂರು ಕುರಿ ಕಟ್ಟಿಕೊಂಡು, ಮೇವು ಹುಡುಕುತ್ತ ಸಿದ್ದಾಪುರದ ಗುಡ್ಡದ ಹತ್ತಿರ ಬಂದ. ಕುರಿ ಮೇಯುವಾಗ ಹೊತ್ತು ಹೋಗದೆ ಬಂಡೆಯ ಮೇಲೆ ಬರೆದ. "ಹಂಗಲ್ಲ ದೊಡ್ಡಪ್ಪಾ" ಎಂದೆ. "ದೊರೆಸಾನಿ ಒಪ್ಪೈತೆ, ನಿಂದೇನೇ?" ಎಂದರು. ಹಾಲು ಚೆಂಬಿನ ಕುತ್ತಿಗೆ ಮುಟ್ಟಿತ್ತು. ಇತಿಹಾಸಕಾರರು ಕ್ಷಮಿಸಬೇಕು.

ಪಾಸಾದೆ. ನಮ್ಮ ಹಟ್ಟಿಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೀಗೆ ಬರೆಯುವಾಗ ಎದೆ ಸ್ವಲ್ಪ ಉಬ್ಬುತ್ತದೆ, ಉಬ್ಬಲಿ ಎಂದು ಬಿಟ್ಟಿದ್ದೇನೆ. ಪದವಿ ಪತ್ರ ಕಾಲೇಜಿಗೆ ಬಂದು ತಲುಪುವ ಹೊತ್ತಿಗೆ ಇನ್ನೊಂದು ಮಳೆಗಾಲ ಬಂದಿತ್ತು, ದೊರೆಸಾನಿಗೆ ಇನ್ನೊಂದು ಕರುವಾಗಿತ್ತು, ಹೆಣ್ಣುಗರು. ಹಸಿರು ದಾವಣಿಯ ಉಳಿದ ಭಾಗವನ್ನೂ ಆಡು ಮುಗಿಸಿತ್ತು. ದೊಡ್ಡಪ್ಪನಿಗೆ ಅದರ ಅಗತ್ಯವೂ ಇರಲಿಲ್ಲ, ದೊರೆಸಾನಿ ಅವರನ್ನು ಬರಿತಲೆಯಲ್ಲೇ ಒಪ್ಪಿಕೊಂಡಿದ್ದಳು. ಮೊದಲ ಕರುವನ್ನು ಹೊಡೆದುಕೊಂಡು ಹೋದದ್ದನ್ನೂ ಮನ್ನಿಸಿದ್ದಳೆಂದು ಕಾಣುತ್ತದೆ.

ಪದವಿ ಪತ್ರವನ್ನು ಚಳ್ಳಕೆರೆಯಿಂದ ಎದೆಗವಚಿಕೊಂಡು ತಂದೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ಮಡಿಚಿ ಹೋದೀತೆಂದು ನಿಂತೇ ಬಂದೆ. ಮನೆ ಮುಟ್ಟುವಾಗ ಸಂಜೆ ಹಾಲು ಹಿಂಡುವ ಹೊತ್ತು. ದೊಡ್ಡಪ್ಪ ಕೊಟ್ಟಿಗೆಯ ಬಾಗಿಲಲ್ಲಿ ಚೆಂಬು ಹಿಡಿದು ನಿಂತಿದ್ದರು. ಯಾವ ಬಾಯಿ 'ಆದಂಗೇ ಬಿಡು' ಅಂದಿತ್ತೋ ಆ ಬಾಯಿಯ ಯಜಮಾನರ ಕೈಗೇ ಮೊದಲು ಕೊಡಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಕೊಟ್ಟೆ. ಅವರು ಟವೆಲ್ಲಿಗೆ ಎರಡೂ ಕೈ ಒರೆಸಿಕೊಂಡು ತೆಗೆದುಕೊಂಡರು. ಮುದ್ರೆಯ ಮೇಲೆ ಬೆರಳಾಡಿಸಿದರು. ನನ್ನನ್ನೊಮ್ಮೆ, ಅದನ್ನೊಮ್ಮೆ ನೋಡಿದರು. ಅವ್ವ ಬಂದು ಪಕ್ಕದಲ್ಲಿ ನಿಂತಳು.

"ಒಳಗೆ ಬಂದು ಓದು" ಎಂದು ನನಗೇ ವಾಪಸ್ಸು ಕೊಟ್ಟರು. "ಅದೂ ಕೇಳ್ಲಿ. ಅದರದ್ದೂ ಪಾಲೈತೆ."

ಅವರು ದೊರೆಸಾನಿಯ ಪಕ್ಕೆಗೆ ಹಣೆಯಾನಿಸಿ ಕುಕ್ಕರಗಾಲಲ್ಲಿ ಕೂತರು. ನಾನು ಬೆಳಕಿಗೆ ಹಿಡಿದು ಓದತೊಡಗಿದೆ. "ಈ ಮೂಲಕ ಪ್ರಮಾಣೀಕರಿಸುವುದೇನೆಂದರೆ..." ದೊರೆಸಾನಿ ಕಿವಿ ಇತ್ತ ತಿರುಗಿಸಿದಳು. "ಕುಮಾರಿ ಪಾಲಮ್ಮ ಇವರು..." ನನ್ನ ಹೆಸರನ್ನು ನಾನೇ ಅಷ್ಟು ಗಟ್ಟಿಯಾಗಿ ಓದಿದ್ದು ಅದೇ ಮೊದಲು. ಮುಂದಕ್ಕೆ ಓದದೆ ನಿಂತುಬಿಟ್ಟೆ.

ದೊಡ್ಡಪ್ಪ ಪಕ್ಕೆಯಿಂದ ತಲೆ ಎತ್ತಲಿಲ್ಲ.

"ನಿಲ್ಲಿಸಬ್ಯಾಡ ಮಗಾ, ಓದು. ಹಾಲು ಬಿಟ್ಟೈತೆ."